ಡೆಲವೇರ್ ಕಂಪನಿ ಪ್ಯಾಕೇಜ್: ಹುಬ್ಬಳ್ಳಿಯಿಂದ ಕೊಂಡರೆ ಉಳಿಯುವ ತೆರಿಗೆ ಎಷ್ಟು?

ಹುಬ್ಬಳ್ಳಿಯ ವಿದ್ಯಾನಗರದಲ್ಲೋ ಧಾರವಾಡದ ಸಪ್ತಾಪುರದಲ್ಲೋ ಕೂತು ಅಮೆರಿಕದ ಗಿರಾಕಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಸಂಸ್ಥೆಗಳ ಫೋನಿಗೆ ಈಗ ಒಂದು ಜಾಹೀರಾತು ಮೇಲಿಂದ ಮೇಲೆ ಬರುತ್ತದೆ: ಡೆಲವೇರ್‌ನಲ್ಲಿ ಕಂಪನಿ ಮಾಡಿಸಿ, ತೆರಿಗೆ ಸೊನ್ನೆ. ಪ್ಯಾಕೇಜಿನಲ್ಲಿ ಸಾಮಾನ್ಯವಾಗಿ ಐದು ಐಟಂ ಇರುತ್ತವೆ. ನೋಂದಣಿ ಪ್ರಮಾಣಪತ್ರ, ಒಂದು ವರ್ಷದ ರಿಜಿಸ್ಟರ್ಡ್ ಏಜೆಂಟ್ (ಕಂಪನಿಯ ಸರ್ಕಾರಿ ಕಾಗದಗಳನ್ನು ಅಲ್ಲಿ ಪಡೆಯುವ ಪ್ರತಿನಿಧಿ), ತೆರಿಗೆ ಗುರುತಿನ ಸಂಖ್ಯೆಯಾದ ಇಐಎನ್, ಒಪ್ಪಂದದ ಮಾದರಿ ಪತ್ರ, ಅಮೆರಿಕದ ಬ್ಯಾಂಕ್ ಖಾತೆಗೆ ಅರ್ಜಿ. ಇಲ್ಲಿನ ವಿಮರ್ಶೆ ಈ ಪ್ಯಾಕೇಜ್ ಮಾರುವ ಯಾವುದೋ ಒಬ್ಬ ಏಜೆಂಟರದ್ದಲ್ಲ. ಅವರೆಲ್ಲ ಮಾರುವ ಸರಕು ಒಂದೇ, ಅದು ಅಮೆರಿಕದ ಡೆಲವೇರ್ ಎಂಬ ರಾಜ್ಯ ಕೊಡುವ ಸೇವೆ. ಆ ಸೇವೆ ಚಲೋ ಇದೆ. ಆದರೆ ತೆರಿಗೆ ಸೊನ್ನೆ ಎಂಬ ಮಾತು ಹುಬ್ಬಳ್ಳಿಯವರಿಗೆ ಹೇಳುವಂಥದ್ದಲ್ಲ.

ಮೊದಲು ಒಳ್ಳೆಯದನ್ನೇ ಹೇಳಬೇಕು. ಡೆಲವೇರ್ ಜನಸಂಖ್ಯೆ ಸುಮಾರು 10 ಲಕ್ಷ. ಅಲ್ಲಿ ನೋಂದಾಯಿತ ಸಂಸ್ಥೆಗಳು 20 ಲಕ್ಷಕ್ಕೂ ಹೆಚ್ಚು. 2011ರ ಜನಗಣತಿಯಲ್ಲಿ ನಮ್ಮ ಧಾರವಾಡ ಜಿಲ್ಲೆಯಲ್ಲಿ 18 ಲಕ್ಷ ಜನ ಇದ್ದರು. ಅಂದರೆ ನಮ್ಮ ಇಡೀ ಜಿಲ್ಲೆಯ ತಲೆಗಳಿಗಿಂತ ಅಲ್ಲಿ ಕಂಪನಿಗಳೇ ಹೆಚ್ಚು. ಅಮೆರಿಕದ ಅತಿ ದೊಡ್ಡ 500 ಕಂಪನಿಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಅಲ್ಲಿಯವೇ. ಕಾರಣ ತೆರಿಗೆ ಒಂದೇ ಅಲ್ಲ. 1792ರಿಂದ ನಡೆಯುತ್ತಿರುವ ಚಾನ್ಸರಿ ಕೋರ್ಟಿನಲ್ಲಿ ಜ್ಯೂರಿ ಇಲ್ಲ, ಕಂಪನಿ ವ್ಯಾಜ್ಯದಲ್ಲಿ ಪಳಗಿದ ನ್ಯಾಯಾಧೀಶರೇ ತೀರ್ಪು ಬರೆಯುತ್ತಾರೆ. ಇಂಥ ಜಗಳಕ್ಕೆ ಇಂಥ ತೀರ್ಪು ಬಂದೀತು ಎಂದು ವಕೀಲರು ಮೊದಲೇ ಅಂದಾಜು ಹೇಳಬಲ್ಲರು. ಕಂಪನಿ ಕಾಯ್ದೆ 1899ರದ್ದು. ಆಗಿನ್ನೂ ಈ ವ್ಯಾಪಾರ ನ್ಯೂಜೆರ್ಸಿಯ ಕೈಯಲ್ಲಿತ್ತು. 1913ರಲ್ಲಿ ಅಲ್ಲಿನ ಗವರ್ನರ್ ವುಡ್ರೋ ವಿಲ್ಸನ್ ಕಂಪನಿಗಳ ಮೇಲೆ ಬಿಗಿ ಕಾನೂನು ತಂದ ಮೇಲೆ ಗಿರಾಕಿಗಳು ಪಕ್ಕದ ಡೆಲವೇರ್‌ಗೆ ದಾಟಿದರು.

ಇನ್ನು ತೆರಿಗೆ. ದೇಶದ ಒಳಗೇ ಇರುವ ಒಂದು ರಾಜ್ಯ ತೆರಿಗೆಗಳ್ಳರ ದ್ವೀಪದಂತೆ ಕೆಲಸ ಮಾಡಬಲ್ಲದೆ? ಮಾಡಬಲ್ಲದು, ಮಾಡಿದೆ. ಅದು ಹೇಗೆಂದು ತಿಳಿಯಲು ಬ್ಯಾಡಗಿ ಮೆಣಸಿನಕಾಯಿ ಪುಡಿ ಮಾರುವ ಒಂದು ಕಂಪನಿಯನ್ನು ಕಲ್ಪಿಸಿಕೊಳ್ಳಿ. ಅಮೆರಿಕದಲ್ಲಿ ಇರುವಂತೆ ನಮ್ಮಲ್ಲೂ ರಾಜ್ಯಕ್ಕೊಂದು ಕಂಪನಿ ಆದಾಯ ತೆರಿಗೆ ಇದೆ ಎಂದುಕೊಳ್ಳಿ. ಕಂಪನಿಯ ವಹಿವಾಟು 10 ಕೋಟಿ, ಲಾಭ 1 ಕೋಟಿ. ಪ್ಯಾಕೆಟ್ ಮೇಲಿನ ಹೆಸರನ್ನೂ ಚಿತ್ರವನ್ನೂ ಗೋವಾದಲ್ಲಿ ತೆರೆದ ಒಂದು ಮರಿ ಕಂಪನಿಗೆ ಬರೆದುಕೊಡುತ್ತಾರೆ. ಆಮೇಲೆ ಆ ಹೆಸರು ಬಳಸಿದ್ದಕ್ಕೆ ಮಾರಾಟದ ಶೇ. 5ರಷ್ಟು, ಅಂದರೆ 50 ಲಕ್ಷ, ಮರಿ ಕಂಪನಿಗೆ ರಾಯಲ್ಟಿ. ಇಲ್ಲಿಯ ಪುಸ್ತಕದಲ್ಲಿ ಅದು ಖರ್ಚು, ಲಾಭ ಅರ್ಧಕ್ಕೆ ಇಳಿಯಿತು. ಅಲ್ಲಿ ಅದು ಆದಾಯ, ಆದರೆ ಅಲ್ಲಿಯ ಕಾನೂನು ಅದಕ್ಕೆ ತೆರಿಗೆ ಹಾಕುವುದಿಲ್ಲ. ಮರಿ ಕಂಪನಿ ಅದೇ ರೊಕ್ಕವನ್ನು ತಾಯಿ ಕಂಪನಿಗೆ ಸಾಲವಾಗಿ ಕೊಟ್ಟರೆ ಆ ಬಡ್ಡಿಯೂ ಇಲ್ಲಿಯ ಖರ್ಚಾಗುತ್ತದೆ. ಮೆಣಸಿನಕಾಯಿ ಒಣಗಿದ್ದು, ಕುಟ್ಟಿದ್ದು, ಮಾರಿದ್ದು ಎಲ್ಲ ಹಾವೇರಿ ಜಿಲ್ಲೆಯಲ್ಲಿ. ಲಾಭ ಮಾತ್ರ ಗಡಿ ದಾಟಿತು.

ಡೆಲವೇರ್‌ನ ಕಾಯ್ದೆ ಇದಕ್ಕೆ ಬಾಗಿಲು ತೆರೆದೇ ಇಟ್ಟಿದೆ. ಅಲ್ಲಿನ ಕಂಪನಿ ಆದಾಯ ತೆರಿಗೆಯ ದರ ಶೇ. 8.7, ಅದೇನೂ ಕಡಿಮೆಯಲ್ಲ. ಆದರೆ ಟ್ರೇಡ್‌ಮಾರ್ಕ್, ಷೇರು, ಸಾಲಪತ್ರಗಳಂಥ ಮುಟ್ಟಲಾಗದ ಆಸ್ತಿಯನ್ನು ಇಟ್ಟುಕೊಂಡು ನೋಡಿಕೊಳ್ಳುವುದಷ್ಟೇ ಕೆಲಸವಾದ ಕಂಪನಿಗೆ ಈ ತೆರಿಗೆ ಇಲ್ಲ. ರಾಜ್ಯದ ಒಳಗೆ ವ್ಯಾಪಾರವನ್ನೇ ಮಾಡದ ಕಂಪನಿಗೂ ಇಲ್ಲ. ಆಟಿಕೆ ಮಾರುವ ಟಾಯ್ಸ್ ಆರ್ ಅಸ್ ಕಂಪನಿ ತನ್ನ ಟ್ರೇಡ್‌ಮಾರ್ಕ್‌ಗಳನ್ನು ಜೆಫ್ರಿ ಎಂಬ ಡೆಲವೇರ್ ಮರಿ ಕಂಪನಿಗೆ ಕೊಟ್ಟು, ನಿವ್ವಳ ಮಾರಾಟದ ಶೇ. 1ರಷ್ಟು ರಾಯಲ್ಟಿ ಕಳಿಸುತ್ತಿತ್ತು. 1993ರಲ್ಲಿ ಸೌತ್ ಕೆರೊಲಿನಾದ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ: ಹೆಸರು ದುಡಿದದ್ದು ನಮ್ಮ ರಾಜ್ಯದ ಅಂಗಡಿಯಲ್ಲಿ, ಹಾಗಾಗಿ ಜೆಫ್ರಿ ಇಲ್ಲಿ ಕಚೇರಿ ಇಡದಿದ್ದರೂ ತೆರಿಗೆ ಕಟ್ಟಲಿ ಎಂದಿತು. ಈಗ ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ತಾಯಿ-ಮರಿ ಎಲ್ಲವನ್ನೂ ಸೇರಿಸಿ ಒಂದೇ ಲೆಕ್ಕ ಕೇಳುತ್ತವೆ. ಅಂಥಲ್ಲಿ ಈ ರಾಯಲ್ಟಿ ಎಡಗೈಯಿಂದ ಬಲಗೈಗೆ ಕೊಟ್ಟಂತೆ ಅಳಿಸಿಹೋಗುತ್ತದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಡೆಲವೇರ್ ತಂತ್ರ ಬಳಸಿದ ಕಂಪನಿಗಳ ರಾಜ್ಯ ತೆರಿಗೆಯ ಹೊರೆ ಶೇ. 15ರಿಂದ 24ರಷ್ಟು ಇಳಿದಿತ್ತೆಂದೂ, ಉಳಿದ ರಾಜ್ಯಗಳು ಕಾನೂನು ಬಿಗಿ ಮಾಡಿದಂತೆ ಆ ಲಾಭ ಕರಗುತ್ತ ಬಂತೆಂದೂ ಲೆಕ್ಕ ಹಾಕಿತ್ತು. ನೆರೆಯ ರಾಜ್ಯದ ಶಾಲೆಗೂ ರಸ್ತೆಗೂ ಹೋಗಬೇಕಾದ ದುಡ್ಡು ಅದು, ಇದನ್ನು ಬರೀ ಜಾಣತನ ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ. ಡೆಲವೇರ್‌ಗೆ ಸಿಗುವುದು ಅದರಲ್ಲಿ ಸಣ್ಣ ತುಣುಕು. ಆದರೂ ಕಂಪನಿಗಳ ಶುಲ್ಕದಿಂದಲೇ ಆ ಪುಟ್ಟ ರಾಜ್ಯದ ಖಜಾನೆಯ ದೊಡ್ಡ ಪಾಲು ತುಂಬುತ್ತದೆ.

ನಮ್ಮಲ್ಲಿ ಇದೇ ಆಟ ಆಡಲು ಬರುವುದಿಲ್ಲ, ಏಕೆಂದರೆ ಕಂಪನಿ ಆದಾಯ ತೆರಿಗೆ ಕೇಂದ್ರದ್ದು. ಕಂಪನಿಯನ್ನು ಹುಬ್ಬಳ್ಳಿಯಲ್ಲಿ ನೋಂದಾಯಿಸಿ, ಪಣಜಿಯಲ್ಲಿ ನೋಂದಾಯಿಸಿ, ದರ ಒಂದೇ. ನಮ್ಮ ಕಣ್ಣಿಗೆ ಬೀಳುವ ಹತ್ತಿರದ ಉದಾಹರಣೆ ಬೇಕೆಂದರೆ ಪಿವೈ ನಂಬರಿನ ಕಾರುಗಳನ್ನು ನೋಡಬೇಕು. ಓಡುವುದು ಕರ್ನಾಟಕದ ರಸ್ತೆಯಲ್ಲಿ, ತೆರಿಗೆ ಕಟ್ಟಿದ್ದು ಕಡಿಮೆ ದರದ ಪುದುಚೇರಿಯಲ್ಲಿ. ಸಾರಿಗೆ ಅಧಿಕಾರಿಗಳು ಅಂಥ ಕಾರು ಹಿಡಿದು ತೆರಿಗೆ ವಸೂಲಿ ಮಾಡಿದ್ದೂ ಉಂಟು. ತತ್ವ ಸೌತ್ ಕೆರೊಲಿನಾದ್ದೇ.

ಈಗ ಹುಬ್ಬಳ್ಳಿಯ ಸಾಫ್ಟ್‌ವೇರ್ ಸಂಸ್ಥೆಯ ಲೆಕ್ಕಕ್ಕೆ ಬರೋಣ. ಡೆಲವೇರ್ ಬಿಟ್ಟುಕೊಡುವುದು ತನ್ನ ರಾಜ್ಯ ತೆರಿಗೆಯನ್ನು ಮಾತ್ರ. ಸಿ-ಕಾರ್ಪ್ ಮಾದರಿಯ (ಷೇರುಗಳಿರುವ, ತನ್ನ ಲಾಭಕ್ಕೆ ತಾನೇ ತೆರಿಗೆ ಕಟ್ಟುವ) ಕಂಪನಿಯಾದರೆ ಅಮೆರಿಕದ ಕೇಂದ್ರ ತೆರಿಗೆ ಶೇ. 21 ಕಟ್ಟಲೇಬೇಕು. 100 ರೂಪಾಯಿ ಲಾಭದಲ್ಲಿ 21 ಹೋಗಿ 79 ಉಳಿಯಿತು. ಅದನ್ನು ಡಿವಿಡೆಂಡ್ ಆಗಿ ಹುಬ್ಬಳ್ಳಿಯ ಮಾಲೀಕರಿಗೆ ಕಳಿಸುವಾಗ ಭಾರತ-ಅಮೆರಿಕ ತೆರಿಗೆ ಒಪ್ಪಂದದ ಪ್ರಕಾರ ವ್ಯಕ್ತಿಗೆ ಶೇ. 25 ಕಡಿತ, 19.75. ಇಲ್ಲಿ ಶೇ. 30ರ ಸ್ಲ್ಯಾಬಿನಲ್ಲಿ ಸೆಸ್ ಸೇರಿ 79ರ ಮೇಲೆ 24.65 ತೆರಿಗೆ, ಅಲ್ಲಿ ಕಟ್ಟಿದ್ದನ್ನು ಕಳೆದು ಇನ್ನೂ 4.90 ಕಟ್ಟಬೇಕು. ಕೈಗೆ ಬಂದದ್ದು 54.35. ಅದೇ ಕೆಲಸವನ್ನು ಮಾಲೀಕರು ತಮ್ಮ ಹೆಸರಿನಲ್ಲೇ ಮಾಡಿ ಬಿಲ್ ಕಳಿಸಿದ್ದರೆ ಅದೇ ಸ್ಲ್ಯಾಬಿನಲ್ಲಿ 68.80 ಉಳಿಯುತ್ತಿತ್ತು. ವರ್ಷದ ಜಮೆ 75 ಲಕ್ಷದ ಒಳಗಿದ್ದು ನಗದು ಶೇ. 5 ಮೀರದಿದ್ದರೆ ಐಟಿ ವೃತ್ತಿಯವರು ಜಮೆಯ ಅರ್ಧವನ್ನೇ ಆದಾಯವೆಂದು ತೋರಿಸುವ ಅನುಕೂಲವೂ ಇದೆ. ಇಲ್ಲಿಯ ಪ್ರೈವೇಟ್ ಲಿಮಿಟೆಡ್ ಕಂಪನಿ ಶೇ. 25.17 ಕಟ್ಟಿ ಉಳಿದದ್ದನ್ನೆಲ್ಲ ಡಿವಿಡೆಂಡ್ ಕೊಟ್ಟರೆ ಕೈಗೆ 51.48. ಇದರ ಮುಂದೆ ಡೆಲವೇರ್ ಮೂರು ರೂಪಾಯಿ ಮೇಲು ಅನಿಸೀತು. ಆದರೆ ಆ ಮೂರು ರೂಪಾಯಿ ಅಮೆರಿಕದ ಅಕೌಂಟೆಂಟರ ಫೀಸಿಗೂ ಸಾಲುವುದಿಲ್ಲ, ಸಣ್ಣ ಸಂಸ್ಥೆಗಳಿಗಂತೂ ಇಲ್ಲ.

ಲಾಭವೆಲ್ಲ ನೇರ ಮಾಲೀಕರದ್ದೇ ಎಂದು ಅಮೆರಿಕ ಲೆಕ್ಕ ಹಿಡಿಯುವ ಎಲ್‌ಎಲ್‌ಸಿ ಮಾದರಿಯ ಮೇಲೆಯೇ ತೆರಿಗೆ ಸೊನ್ನೆ ಎಂಬ ಜಾಹೀರಾತು ನಿಂತಿರುವುದು. ಒಬ್ಬರೇ ಮಾಲೀಕರು, ಅಮೆರಿಕದಲ್ಲಿ ಕಚೇರಿ ಇಲ್ಲ, ಸಿಬ್ಬಂದಿ ಇಲ್ಲ, ಕೆಲಸವೆಲ್ಲ ಇಲ್ಲಿಂದ ಎಂದಾದರೆ ಅಲ್ಲಿ ಸಾಮಾನ್ಯವಾಗಿ ಆದಾಯ ತೆರಿಗೆ ಬೀಳುವುದಿಲ್ಲ, ಅದು ನಿಜ. ಆದರೆ ಯಾವ ಕಾರಣಕ್ಕೆ ಅಲ್ಲಿ ಬೀಳುವುದಿಲ್ಲವೋ ಅದೇ ಕಾರಣಕ್ಕೆ ಇಲ್ಲಿ ಬೀಳುತ್ತದೆ. ಕೋಡ್ ಬರೆದದ್ದು, ಗಿರಾಕಿಯ ಜೊತೆ ಮಾತಾಡಿದ್ದು, ನಿರ್ಧಾರ ತೆಗೆದುಕೊಂಡದ್ದು ಎಲ್ಲ ಕೇಶ್ವಾಪುರದ ಮನೆಯಲ್ಲಾದರೆ ಲಾಭ ಭಾರತದ್ದೆಂದು ಆದಾಯ ತೆರಿಗೆ ಇಲಾಖೆ ಹಿಡಿಯಲು ದಾರಿ ಸಾಫ್ ಇದೆ, ಮತ್ತು ವಿದೇಶಿ ಕಂಪನಿಯ ದರ ಇಲ್ಲಿ ಶೇ. 35, ಸೆಸ್ ಬೇರೆ. ಆಡಳಿತದ ಜಾಗ ಭಾರತದಲ್ಲಿದ್ದರೆ ಕಂಪನಿಯೇ ಭಾರತದ್ದು ಎನ್ನುವ ನಿಯಮ ವಹಿವಾಟು 50 ಕೋಟಿ ದಾಟದವರಿಗೆ ಅನ್ವಯಿಸುವುದಿಲ್ಲ ಎಂದು ಕೇಂದ್ರ ನೇರ ತೆರಿಗೆ ಮಂಡಳಿಯ (ಸಿಬಿಡಿಟಿ) 2017ರ ಸುತ್ತೋಲೆ ಹೇಳುತ್ತದೆ. ಅದನ್ನೇ ತೋರಿಸಿ ಏಜೆಂಟರು ಧೈರ್ಯ ಹೇಳುತ್ತಾರೆ. ಸುತ್ತೋಲೆ ಕೈಬಿಟ್ಟದ್ದು ಆ ಒಂದು ನಿಯಮವನ್ನು. ಇಲ್ಲಿ ದುಡಿದ ಲಾಭಕ್ಕೆ ಇಲ್ಲಿಯ ತೆರಿಗೆ ಎಂಬುದು ಬೇರೆ ನಿಯಮ, ಅದು ಹಾಗೆಯೇ ಇದೆ.

ಸೇವೆಯಲ್ಲಿ ಅತಿ ಹೆಚ್ಚು ಗಾಬರಿ ಹುಟ್ಟಿಸುವ ಕಾಗದವೆಂದರೆ ಫ್ರಾಂಚೈಸ್ ತೆರಿಗೆಯ, ಅಂದರೆ ಅಲ್ಲಿ ನೋಂದಾಯಿತವಾಗಿ ಇರುವುದಕ್ಕೇ ಡೆಲವೇರ್ ಪ್ರತಿ ವರ್ಷ ಹಾಕುವ ತೆರಿಗೆಯ ನೋಟಿಸು. ಸಿ-ಕಾರ್ಪ್ ಮಾಡುವಾಗ ವಾಡಿಕೆಯಂತೆ 1 ಕೋಟಿ ಅಧಿಕೃತ ಷೇರು (ಕಂಪನಿ ಹೆಚ್ಚೆಂದರೆ ಹಂಚಬಹುದಾದ ಷೇರು) ಬರೆಯುತ್ತಾರೆ. ರಿಜಿಸ್ಟರ್ಡ್ ಏಜೆಂಟರ ಮೂಲಕ ಬರುವ ನೋಟಿಸಿನಲ್ಲಿ ಕಟ್ಟಬೇಕಾದ ಮೊತ್ತ 85,165 ಡಾಲರ್! ಇದು ತಪ್ಪಲ್ಲ, ಮೋಸವೂ ಅಲ್ಲ. ಷೇರುಗಳ ಎಣಿಕೆಯ ವಿಧಾನದಲ್ಲಿ ಮೊದಲ 10,000 ಷೇರಿಗೆ 250 ಡಾಲರ್, ಆಮೇಲೆ ಪ್ರತಿ 10,000ಕ್ಕೆ 85. ಹಾಗೆ ಕೂಡಿದರೆ ಅಷ್ಟೇ ಬರುತ್ತದೆ. ಎರಡನೆಯ ವಿಧಾನಕ್ಕೆ ಬದಲಾಯಿಸಲು ಆನ್‌ಲೈನ್ ಫಾರಂನಲ್ಲಿ ಎರಡು ಅಂಕಿ ತುಂಬಬೇಕು: ಹಂಚಿದ ಷೇರು ಎಷ್ಟು, ಒಟ್ಟು ಆಸ್ತಿ ಎಷ್ಟು. 80 ಲಕ್ಷ ಷೇರು ಹಂಚಿದ್ದು, ಆಸ್ತಿ 40,000 ಡಾಲರ್ ಇದ್ದರೆ ಷೇರಿಗೆ 0.005 ಡಾಲರ್; ಅದನ್ನು 1 ಕೋಟಿಯಿಂದ ಗುಣಿಸಿದರೆ 50,000. ಹತ್ತು ಲಕ್ಷ ಡಾಲರಿಗೆ ಅಥವಾ ಅದರ ಭಾಗಕ್ಕೆ 400ರಂತೆ ತೆರಿಗೆ, ಹಾಗಾಗಿ 400. ವಾರ್ಷಿಕ ವರದಿಗೆ 50 ಸೇರಿ 450. ಆದರೆ ಹಂಚಿದ್ದು 1 ಲಕ್ಷ ಷೇರು ಮಾತ್ರ, ಆಸ್ತಿ 5 ಲಕ್ಷ ಡಾಲರ್ ಆದರೆ ಇದೇ ವಿಧಾನದಲ್ಲಿ 20,000 ಡಾಲರ್ ಬರುತ್ತದೆ. ಆದ್ದರಿಂದ ಸ್ಥಾಪಕರಿಗೆ ಮೊದಲ ದಿನವೇ ಅಧಿಕೃತ ಷೇರಿನ ದೊಡ್ಡ ಪಾಲು ಹಂಚಿ ಮುಗಿಸಬೇಕು. ಕೊನೆಯ ದಿನ ಮಾರ್ಚ್ 1. ತಪ್ಪಿದರೆ 200 ಡಾಲರ್ ದಂಡ, ತಿಂಗಳಿಗೆ ಶೇ. 1.5 ಬಡ್ಡಿ. ಎಲ್‌ಎಲ್‌ಸಿಗೆ ಈ ತಲೆನೋವಿಲ್ಲ, ಜೂನ್ 1ರ ಒಳಗೆ 300 ಡಾಲರ್ ಕಟ್ಟಿದರೆ ಮುಗಿಯಿತು.

ಎಲ್‌ಎಲ್‌ಸಿಯವರು ಮರೆಯುವುದು ಇನ್ನೊಂದನ್ನು. ತೆರಿಗೆ ಇಲ್ಲದಿದ್ದರೂ ವಿದೇಶಿ ಮಾಲೀಕರ ಎಲ್‌ಎಲ್‌ಸಿ ಪ್ರತಿ ವರ್ಷ 5472 ಎಂಬ ಫಾರಂ ಅನ್ನು 1120 ಫಾರಂನ ಮೊದಲ ಪುಟದ ಜೊತೆ ಏಪ್ರಿಲ್ 15ರ ಒಳಗೆ ಕಳಿಸಬೇಕು. ಮಾಲೀಕರು ಹಾಕಿದ ಬಂಡವಾಳ, ತೆಗೆದ ರೊಕ್ಕ ಎಲ್ಲ ಅದರಲ್ಲಿ ಬರುತ್ತದೆ. ತಪ್ಪಿದರೆ ದಂಡ 25,000 ಡಾಲರ್. ಅಗ್ಗದ ಪ್ಯಾಕೇಜುಗಳಲ್ಲಿ ಇದು ಸೇರಿರುವುದಿಲ್ಲ. ಕೊಳ್ಳುವ ಮೊದಲು ಬರವಣಿಗೆಯಲ್ಲಿ ಕೇಳಿ ತೆಗೆದುಕೊಳ್ಳಿ. ಎದುರಾಗಿ, ನಿಜವಾದ ಮಾಲೀಕರ ವಿವರ ಸಲ್ಲಿಕೆ ಎಂದು ಬೇರೆ ಫೀಸು ಕೇಳಿದರೆ ಕೊಡಬೇಡಿ. ಅಮೆರಿಕದಲ್ಲಿ ಹುಟ್ಟಿದ ಕಂಪನಿಗಳಿಗೆ ಆ ಬಾಧ್ಯತೆಯನ್ನು 2025ರ ಮಾರ್ಚ್‌ನಲ್ಲೇ ತೆಗೆದಿದ್ದಾರೆ. ಇಐಎನ್ ವಿಷಯದಲ್ಲೂ ಎಚ್ಚರ: ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲದವರಿಗೆ ಆನ್‌ಲೈನ್ ಅರ್ಜಿ ನಡೆಯುವುದಿಲ್ಲ, ಫ್ಯಾಕ್ಸ್, ಅಂಚೆ ಅಥವಾ ಫೋನೇ ಗತಿ. 24 ತಾಸಿನಲ್ಲಿ ಕೊಡುತ್ತೇವೆ ಎನ್ನುವ ಭರವಸೆಯನ್ನು ನೆಚ್ಚಿ ಗಿರಾಕಿಗೆ ಬಿಲ್ಲಿನ ತಾರೀಖು ಕೊಡಬೇಡಿ.

ಪ್ಯಾಕೇಜಿನ ನಿಜವಾದ ಕೊರತೆ ಭಾರತದ ಕಡೆಯ ಕೆಲಸದ್ದು. ಷೇರಿಗೆ ರೊಕ್ಕ ಕಳಿಸುವ ಮೊದಲು ಬ್ಯಾಂಕಿನ ವಿದೇಶಿ ವಿನಿಮಯ ಶಾಖೆಯಲ್ಲಿ ವಿದೇಶಿ ಹೂಡಿಕೆಯ ಎಫ್‌ಸಿ ಫಾರಂ ಕೊಟ್ಟು ಆ ಹೂಡಿಕೆಯ ಗುರುತಿನ ಸಂಖ್ಯೆಯಾದ ಯುಐಎನ್ ಪಡೆಯಬೇಕು. ಕಾರ್ಡಿನಲ್ಲಿ ಏಜೆಂಟರಿಗೆ ಕಟ್ಟಿದ ಫೀಸು ಬಂಡವಾಳವಲ್ಲ, ಅದನ್ನೇ ಬಂಡವಾಳವೆಂದು ಪುಸ್ತಕದಲ್ಲಿ ಬರೆದರೆ ಮುಂದೆ ಬ್ಯಾಂಕಿನಲ್ಲಿ ಕಾಗದ ಹೊಂದುವುದಿಲ್ಲ. ವಿದೇಶಕ್ಕೆ ರೊಕ್ಕ ಕಳಿಸಲು ವ್ಯಕ್ತಿಯ ಮಿತಿ ವರ್ಷಕ್ಕೆ 2,50,000 ಡಾಲರ್. 10 ಲಕ್ಷ ರೂಪಾಯಿ ಮೀರಿದ್ದಕ್ಕೆ ಶೇ. 20 ಟಿಸಿಎಸ್, ಅಂದರೆ ಬ್ಯಾಂಕೇ ಮುಂಗಡವಾಗಿ ವಸೂಲಿ ಮಾಡುವ ತೆರಿಗೆ. ಪ್ರತಿ ವರ್ಷ ಡಿಸೆಂಬರ್ 31ರ ಒಳಗೆ ಕಂಪನಿಯ ಸಾಧನಾ ವರದಿ ಕೊಡಬೇಕು. ಆದಾಯ ತೆರಿಗೆ ರಿಟರ್ನಿನ ವಿದೇಶಿ ಆಸ್ತಿ ಪಟ್ಟಿಯಲ್ಲಿ ಷೇರನ್ನೂ, ಸಹಿ ಹಾಕುವ ಅಧಿಕಾರ ಇರುವ ಅಮೆರಿಕದ ಖಾತೆಯನ್ನೂ ತೋರಿಸಬೇಕು. ಅಲ್ಲಿ ಕ್ಯಾಲೆಂಡರ್ ವರ್ಷದ ಲೆಕ್ಕ, ಏಪ್ರಿಲ್-ಮಾರ್ಚ್ ಅಲ್ಲ. ಮುಚ್ಚಿಟ್ಟರೆ 2015ರ ಕಪ್ಪುಹಣ ಕಾಯ್ದೆಯಡಿ ದಂಡ 10 ಲಕ್ಷ ರೂಪಾಯಿ. ಸ್ಥಿರಾಸ್ತಿ ಬಿಟ್ಟು ಒಟ್ಟು 20 ಲಕ್ಷದವರೆಗಿನ ಆಸ್ತಿಗೆ 2024ರ ಅಕ್ಟೋಬರ್‌ನಿಂದ ಆ ದಂಡದ ವಿನಾಯಿತಿ ಇದೆ. ಹುಬ್ಬಳ್ಳಿಯ ಸಂಸ್ಥೆ ಡೆಲವೇರ್ ಸಂಸ್ಥೆಗೆ ಬಿಲ್ ಹಾಕಿದರೆ ಎರಡೂ ಒಂದೇ ಮನೆಯವು. ಬಿಲ್ಲು ಚಿಕ್ಕದಿದ್ದರೂ ಹಾಕಿದ ಬೆಲೆ ಹೊರಗಿನವರಿಗೆ ಹಾಕುವಂಥದ್ದೇ ಎಂದು ತೋರಿಸುವ, ಸಿಎ ಸಹಿಯ ವರ್ಗಾವಣೆ ಬೆಲೆ ವರದಿ ಬೇಕು.

ಎಲ್ಲಕ್ಕಿಂತ ದೊಡ್ಡ ಗುಂಡಿ ಮಾತ್ರ ಇದು. ಡೆಲವೇರ್ ಕಂಪನಿ ತಮ್ಮ ಹಿಡಿತದಲ್ಲಿರುವ ಭಾರತದ ನಿವಾಸಿ ವ್ಯಕ್ತಿ, ಅದರ ಕೆಳಗೆ ಹುಬ್ಬಳ್ಳಿಯ ಪ್ರೈವೇಟ್ ಲಿಮಿಟೆಡನ್ನು ಮರಿ ಕಂಪನಿಯಾಗಿ ಇಡುವಂತಿಲ್ಲ. 2022ರ ಆಗಸ್ಟ್‌ನಲ್ಲಿ ಬಂದ ಸಾಗರೋತ್ತರ ಹೂಡಿಕೆ ನಿಯಮಗಳ ಪ್ರಕಾರ, ನಿವಾಸಿ ವ್ಯಕ್ತಿಯ ನಿಯಂತ್ರಣದ ವಿದೇಶಿ ಸಂಸ್ಥೆಗೆ ಮರಿ ಕಂಪನಿ ಇರಕೂಡದು. ಹೂಡಿಕೆದಾರರಿಗೆ ತೋರಿಸಲೆಂದು ಏಜೆಂಟರು ಬರೆದುಕೊಡುವ ಮಾಮೂಲಿ ನಕ್ಷೆ ಇದೇ ಆಗಿರುತ್ತದೆ.

ಹಾಗಾದರೆ ಯಾರು ಕೊಳ್ಳಬೇಕು? ಡೆಲವೇರ್ ಸಿ-ಕಾರ್ಪ್ ಆದರೆ ಮಾತ್ರ ರೊಕ್ಕ ಎಂದು ಅಮೆರಿಕದ ಹೂಡಿಕೆದಾರರು ಯಾರ ಕೈಗೆ ಷರತ್ತು ಪತ್ರ ಇಟ್ಟಿದ್ದಾರೋ ಅವರು ಕೊಳ್ಳಲಿ, ವಿದೇಶಿ ವಿನಿಮಯದ ಕಾಯ್ದೆಯಾದ ಫೆಮಾ ಗೊತ್ತಿರುವ ಸಿಎ ನಕ್ಷೆ ನೋಡಿದ ಮೇಲೆ. ಗಿರಾಕಿಯ ರೊಕ್ಕ ಬರುವುದಷ್ಟೇ ಗುರಿಯಾದರೆ ಇಲ್ಲಿಯ ಕರೆಂಟ್ ಖಾತೆ, ಜಿಎಸ್‌ಟಿಯ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಬರೆದುಕೊಡುವ ಮುಚ್ಚಳಿಕೆ), ಡಾಲರ್ ಬಿಲ್ಲು ಸಾಕು. ಈಗಾಗಲೇ ಕೊಂಡು ಬಳಸದೆ ಬಿಟ್ಟವರು ಅದನ್ನು ತಾನಾಗಿ ಸಾಯಲಿ ಎಂದು ಬಿಡಬಾರದು. ಫ್ರಾಂಚೈಸ್ ತೆರಿಗೆ ಕಟ್ಟದ ಸಿ-ಕಾರ್ಪ್ ವರ್ಷದಲ್ಲಿ ಅನೂರ್ಜಿತವಾಗುತ್ತದೆ, ಎಲ್‌ಎಲ್‌ಸಿ ಮೂರು ವರ್ಷದಲ್ಲಿ. ಬಾಕಿ ಮಾತ್ರ ಉಳಿಯುತ್ತದೆ. ಆ ವರ್ಷದ ತೆರಿಗೆ ಕಟ್ಟಿ, ರದ್ದತಿ ಪತ್ರ ಪಡೆದು, ಅಮೆರಿಕದ ಕೊನೆಯ ರಿಟರ್ನ್ ಕಳಿಸಿ, ಉಳಿದ ರೊಕ್ಕ ಇಲ್ಲಿಯ ಖಾತೆಗೆ ಬಂದ 30 ದಿನದೊಳಗೆ ಬ್ಯಾಂಕಿಗೆ ಹಿಂತೆಗೆತದ ವರದಿ ಕೊಟ್ಟು ಯುಐಎನ್ ಮುಚ್ಚಿಸಿಕೊಳ್ಳಬೇಕು.