ಸೆಕೆಂಡ್ ಹ್ಯಾಂಡ್ ಕಾರು: ಕೊಟ್ಟ ಬೆಲೆ ಬೇರೆ, ಆಗುವ ಖರ್ಚು ಬೇರೆ

ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರೊಂದನ್ನು ಹಲವು ವರ್ಷ ಓಡಿಸಿದ ಮೇಲೆ ಬರೆಯುತ್ತಿದ್ದೇನೆ. ಕಾರು ಚೆನ್ನಾಗಿದೆ, ಈಗಲೂ ಇಷ್ಟ. ಆದರೆ ಕೊಂಡಾಗ ಕೊಟ್ಟ ದುಡ್ಡಷ್ಟೇ ಕಾರಿನ ಬೆಲೆ ಅಂದುಕೊಂಡರೆ ಲೆಕ್ಕ ಪೂರ್ತಿ ತಪ್ಪುತ್ತದೆ.

ಮೊದಲ ವರ್ಷವೇ ಖರ್ಚು ಜಾಸ್ತಿ. ಹಿಂದಿನ ಮಾಲೀಕರು ಮುಂದೂಡಿದ ಕೆಲಸವೆಲ್ಲ ನಮ್ಮ ತಲೆಗೇ ಬರುತ್ತದೆ ಅಲ್ವಾ. ಟೈರನ್ನೇ ನೋಡಿ. ಮೇಲೆ ಚೆನ್ನಾಗೇ ಕಾಣುತ್ತಿತ್ತು, ಗ್ರಿಪ್ ಸವೆದಿರಲಿಲ್ಲ, ಆದರೆ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ ಓದಿದರೆ ಅದು ತಯಾರಾದ ವಾರ, ವರ್ಷ ಗೊತ್ತಾಗುತ್ತದೆ, 2314 ಅಂದರೆ 2014ರ 23ನೇ ವಾರ. ರಬ್ಬರಿನಲ್ಲಿ ಕೂದಲೆಳೆಯಂಥ ಬಿರುಕುಗಳು. ನಾಲ್ಕನ್ನೂ ಬದಲಾಯಿಸಿದೆ. ಆಮೇಲೆ ಬ್ಯಾಟರಿ, ಬ್ರೇಕ್ ಆಯಿಲ್, ಸಸ್ಪೆನ್ಷನ್ ಬುಷ್ (ಚಕ್ರದ ಜೋಡಣೆಯಲ್ಲಿ ಅದುರು ತಡೆಯುವ ರಬ್ಬರ್ ಭಾಗ).

ಟೈಮಿಂಗ್ ಬೆಲ್ಟ್ (ಪಿಸ್ಟನ್, ವಾಲ್ವ್ ಎರಡರ ಓಟವನ್ನೂ ಹೊಂದಿಸಿಡುವ ಹಲ್ಲಿನ ಬೆಲ್ಟ್) ಇರುವ ಎಂಜಿನ್ ಆದರೆ, ಅದನ್ನು ಯಾವಾಗ ಬದಲಾಯಿಸಿದ್ದಾರೆ ಅಂತ ಬಿಲ್ ಕೇಳಿ, ಬಾಯಿಮಾತು ನಂಬಬೇಡಿ. ಎಷ್ಟೋ ಎಂಜಿನ್‌ಗಳಲ್ಲಿ ಓಡುವಾಗ ಬೆಲ್ಟ್ ತುಂಡಾದರೆ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ, ಆ ರಿಪೇರಿ ಬಿಲ್ ಹಳೇ ಕಾರಿನ ಬೆಲೆಯ ಹತ್ತಿರಕ್ಕೇ ಹೋಗಬಹುದು.

ಲಾಭವೂ ಇದೆ. ಹೊಸ ಕಾರಿನ ಬೆಲೆ ಮೊದಲ ಕೆಲವು ವರ್ಷಗಳಲ್ಲೇ ಜೋರಾಗಿ ಇಳಿಯುತ್ತದೆ, ಆ ನಷ್ಟ ಮೊದಲು ಕೊಂಡವರದ್ದು. ಕೊಂಡ ಬೆಲೆಗೆ ಪೆಟ್ರೋಲ್, ಇನ್ಶೂರೆನ್ಸ್, ರಿಪೇರಿ ಎಲ್ಲ ಸೇರಿಸಿ, ಈಗ ಮಾರಿದರೆ ಬರುವ ದುಡ್ಡು ಕಳೆದು, ಓಡಿದ ಕಿಲೋಮೀಟರ್‌ಗಳಿಂದ ಭಾಗಿಸಿದೆ. ಹಾಗೆ ಬಂದ ಕಿಲೋಮೀಟರ್ ಖರ್ಚು ಹೊಸದಕ್ಕಿಂತ ಕಡಿಮೆಯೇ, ಆದರೆ ಸುಮ್ನೆ ಅಂದಾಜು ಮಾಡಿದ್ದಕ್ಕಿಂತ ತುಂಬಾ ಜಾಸ್ತಿ. ಮಾರುವ ಯೋಚನೆಯಂತೂ ಇಲ್ಲ. ಮುಂದಿನ ಖರ್ಚು ಕ್ಲಚ್, ಅದಕ್ಕೆ ಈಗಲೇ ದುಡ್ಡು ಎತ್ತಿಡುತ್ತಿದ್ದೇನೆ.