ಕರೆದರೆ ತೋಳ ಬರಬೇಕು

ಮೇಜಿನ ಸುತ್ತ ಕುಳಿತು, ದಾಳ ಉರುಳಿಸುತ್ತಾ ಪಾತ್ರಗಳಾಗಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ ನಾನು ಡ್ರೂಯಿಡ್, ಅಂದರೆ ಪ್ರಕೃತಿಯ ಮಂತ್ರವಾದಿಯ, ಪಾತ್ರವನ್ನು ಆರಿಸಿಕೊಂಡದ್ದೇ ಪ್ರಾಣಿಗಳನ್ನು ಕರೆಯುವ ಆಸೆಯಿಂದ. ಕಂಜೂರ್ ಆ್ಯನಿಮಲ್ಸ್ ಮಂತ್ರ ಡ್ರೂಯಿಡ್‌ಗೆ ಸಿಗುವುದು ಐದನೆಯ ಮಟ್ಟಕ್ಕೆ ಏರಿದ ಮೇಲೆ. ಆ ದಿನಕ್ಕಾಗಿ ಕಾದು ಕುಳಿತವಳು ನಾನು. 2014ರ ನಿಯಮ ಪುಸ್ತಕ ಪ್ಲೇಯರ್ಸ್ ಹ್ಯಾಂಡ್‌ಬುಕ್, 2020ರ ಪೂರಕ ಪುಸ್ತಕ, 2024ರ ಪರಿಷ್ಕೃತ ಹ್ಯಾಂಡ್‌ಬುಕ್ ಮೂರರ ನಿಯಮಗಳಲ್ಲೂ ಪ್ರಾಣಿಗಳನ್ನು ಕರೆದಿದ್ದೇನೆ. ಈಚೆಗೆ ಡಂಜನ್ ಮಾಸ್ಟರ್, ಅಂದರೆ ಕಥೆಯನ್ನೂ ಶತ್ರುಗಳನ್ನೂ ನಿಭಾಯಿಸುವವಳು, ಆಗಿ ಆಟ ನಡೆಸುತ್ತಲೂ ಇದ್ದೇನೆ. ಹಾಗಾಗಿ ಮೇಜಿನ ಎರಡೂ ಬದಿಯ ಕಷ್ಟ ಗೊತ್ತು.

2014ರ ಮಂತ್ರ ಧಾರಾಳವಾಗಿತ್ತು. ಚಾಲೆಂಜ್ ರೇಟಿಂಗ್ (ಪ್ರಾಣಿಯ ಬಲದ ಅಳತೆ) 2ರ ಒಂದು ಪ್ರಾಣಿ, 1ರ ಎರಡು, ಅರ್ಧದ ನಾಲ್ಕು ಅಥವಾ ಕಾಲು ರೇಟಿಂಗಿನ ಎಂಟು. ಎಲ್ಲರೂ ಆರಿಸುತ್ತಿದ್ದದ್ದು ಎಂಟನ್ನೇ. ಅದರ ಫಲವನ್ನು ಒಮ್ಮೆ ಎದುರಿಗೆ ಕಂಡವರು ಮರೆಯುವುದಿಲ್ಲ. ನನ್ನ ಎಂಟು ತೋಳಗಳು ಒಂದು ಓಗರ್ ರಾಕ್ಷಸನನ್ನು ಸುತ್ತುವರಿದವು. ಗುಂಪಾಗಿ ಬೇಟೆಯಾಡುವ ಗುಣ ತೋಳಕ್ಕಿರುವುದರಿಂದ ಪ್ರತಿ ಕಡಿತ ತಗುಲಿತೋ ಎಂದು ನೋಡಲು ಎರಡು ದಾಳ, ಅಂದರೆ ಒಂದೇ ಸುತ್ತಿನಲ್ಲಿ ಹದಿನಾರು. ತಗುಲಿದ ಪ್ರತಿ ಕಡಿತಕ್ಕೆ ಇನ್ನೆರಡು ದಾಳದ ಪೆಟ್ಟು, ಜೊತೆಗೆ ಓಗರ್ ನೆಲಕ್ಕುರುಳುತ್ತಾನೋ ಇಲ್ಲವೋ ಎಂಬ ಪರೀಕ್ಷೆ. ಓಗರ್‌ನ ಹಿಟ್ ಪಾಯಿಂಟ್, ಅಂದರೆ ಬೀಳುವ ಮುನ್ನ ತಾಳಬಲ್ಲ ಪೆಟ್ಟು, 59. ಎಂಟೂ ಕಚ್ಚಿದರೆ ಸರಾಸರಿ ಪೆಟ್ಟು 56. ನನಗೋ ಹಬ್ಬ. ಆದರೆ ಕೂಡಿಸುವ ಲೆಕ್ಕ ಮುಗಿಸಿ ತಲೆ ಎತ್ತಿದಾಗ, ಯೋಧನ ಪಾತ್ರ ಆಡುವ ಗೆಳತಿ ತನ್ನ ದಾಳವನ್ನು ಬೆರಳ ನಡುವೆ ತಿರುಗಿಸುತ್ತಾ ಸುಮ್ಮನೆ ಕುಳಿತಿದ್ದಳು. ಅವಳ ಸರದಿ ಬರುವ ಹೊತ್ತಿಗೆ ಹೊಡೆಯಲು ಏನೂ ಉಳಿದಿರಲಿಲ್ಲ. ಆ ಮುಖ ನನಗೆ ಇನ್ನೂ ನೆನಪಿದೆ. ಮಿತಿ ಬೇಕು ಎಂದು ನನಗೆ ಅನ್ನಿಸಿದ್ದು ಆವತ್ತೇ.

ಒಂದು ಮಿತಿ ಆಗಲೂ ಇತ್ತು. ಎಷ್ಟು ಪ್ರಾಣಿ ಎಂಬುದು ಮಂತ್ರ ಹಾಕುವವರ ಆಯ್ಕೆ, ಯಾವ ಪ್ರಾಣಿ ಎಂಬುದು ಡಂಜನ್ ಮಾಸ್ಟರ್ ನಿರ್ಧಾರ ಎಂದು ಪ್ರಕಾಶಕರೇ ಸ್ಪಷ್ಟಪಡಿಸಿದ್ದರು. ರೇಟಿಂಗ್ 'ಅಷ್ಟು ಅಥವಾ ಅದಕ್ಕಿಂತ ಕಡಿಮೆ' ಎಂದಿರುವುದರಿಂದ ತೋಳ ಬೇಡಿದವಳಿಗೆ ಎಂಟು ಕಪ್ಪೆ ಕೊಟ್ಟರೂ ನಿಯಮ ಮುರಿಯುವುದಿಲ್ಲ. ನನಗೆ ಈ ದಾರಿ ಹಿಡಿಸಲಿಲ್ಲ. ಬೇಡುವವಳಿಗೂ ಅವಮಾನ, ಕೊಡುವವರಿಗೂ ಮುಜುಗರ. ಸ್ನೇಹಿತರ ನಡುವೆ ಇಂಥ ಎಳೆದಾಟ ಹುಟ್ಟಿಸುವ ನಿಯಮ ಒಳ್ಳೆಯದಲ್ಲ.

2020ರ ಪೂರಕ ಪುಸ್ತಕದಲ್ಲಿ ಬಂದ ಸಮನ್ ಬೀಸ್ಟ್ ಮಂತ್ರ ನನ್ನ ಮೆಚ್ಚಿನದು. ಬರುವುದು ಒಂದೇ ಪ್ರಾಣಿ. ನೆಲದ್ದೋ, ನೀರಿನದೋ, ಗಾಳಿಯದೋ ನಾವೇ ಹೇಳಬಹುದು. ನಮ್ಮ ಸರದಿಯ ಬೆನ್ನಿಗೇ ಅದರ ಸರದಿ. ಅಂಕಿಗಳೆಲ್ಲ ಮಂತ್ರದ ಜೊತೆಗೇ ಅಚ್ಚಾಗಿರುವುದರಿಂದ ಬೇರೆ ಪುಸ್ತಕ ತಡಕಾಡಬೇಕಿಲ್ಲ. ಒಂದು ಕೊರತೆ ಹೇಳಲೇಬೇಕು: ಪ್ರಾಣಿ ಎಷ್ಟು ಸಲ ಹೊಡೆಯುತ್ತದೆ ಎಂಬುದು ಮಂತ್ರದ ಮಟ್ಟದ (ಇದು ಪಾತ್ರದ ಮಟ್ಟವಲ್ಲ) ಅರ್ಧ, ಅದೂ ಕೆಳಕ್ಕೆ ಇಳಿಸಿದ ಲೆಕ್ಕ. ಮೂರನೆಯ ಮಟ್ಟದಲ್ಲಿ ಹಾಕಿದರೂ ಒಂದೇ ಏಟು. ನಾಲ್ಕಕ್ಕೆ ಹೋದ ಮೇಲೆಯೇ ಅದರ ಬಲ ತಿಳಿಯುವುದು.

ಇನ್ನು 2024ರ ಕಂಜೂರ್ ಆ್ಯನಿಮಲ್ಸ್. ಈಗ ಬರುವುದು ಮುಟ್ಟಲಾಗದ ಛಾಯಾಪ್ರಾಣಿಗಳ ಒಂದು ಹಿಂಡು. ಅದಕ್ಕೆ ಹಿಟ್ ಪಾಯಿಂಟ್ ಇಲ್ಲ, ತನ್ನದೇ ಸರದಿ ಇಲ್ಲ. ನಾವು ನಡೆದಾಗ ಅದನ್ನು 30 ಅಡಿ ಸರಿಸಬಹುದು. ಹತ್ತು ಅಡಿಯೊಳಗೆ ಸಿಕ್ಕ ಶತ್ರು ಡೆಕ್ಸ್‌ಟೆರಿಟಿ (ಚುರುಕುತನದ) ಪರೀಕ್ಷೆಯಲ್ಲಿ ಸೋತರೆ ಹತ್ತು ಮುಖದ ಮೂರು ದಾಳದಷ್ಟು ಪೆಟ್ಟು. ಆಟ ಚುರುಕಾಗಿದೆ, ಯಾರೂ ಕಾಯಬೇಕಿಲ್ಲ, ಪೆಟ್ಟೂ ಕಡಿಮೆಯಲ್ಲ. ನಡೆಸುವವಳಾಗಿ ನನಗೆ ನೆಮ್ಮದಿ. ಆದರೆ ಡ್ರೂಯಿಡ್ ಆಗಿ ಹೇಳುತ್ತೇನೆ, ಇದು ನೆಗಡಿಗೆ ಮೂಗು ಕೊಯ್ದ ಚಿಕಿತ್ಸೆ. ಹಿಂದೆ ಒಂದು ಗಂಟೆ ಇರುತ್ತಿದ್ದ ಮಂತ್ರಕ್ಕೆ ಈಗ ಹತ್ತೇ ನಿಮಿಷ. ಈ ಹಿಂಡು ವಾಸನೆ ಹಿಡಿದು ಕಳೆದುಹೋದ ಮಗುವಿನ ಜಾಡು ತೋರಿಸುವುದಿಲ್ಲ, ಗಾಯಾಳುವನ್ನು ಬೆನ್ನ ಮೇಲೆ ಹೊರುವುದಿಲ್ಲ, ಬಾಗಿಲಲ್ಲಿ ಕಾವಲು ಮಲಗುವುದಿಲ್ಲ. ತೊಂದರೆ ಇದ್ದದ್ದು ಎಂಟು ಎಂಬ ಸಂಖ್ಯೆಯಲ್ಲಿ. ತೆಗೆದುಹಾಕಿದ್ದು ಪ್ರಾಣಿಯನ್ನು.

ನನ್ನ ಮೇಜಿನಲ್ಲಿ ಈಗ ಹಳೆಯ ಮಂತ್ರವೇ ನಡೆಯುತ್ತದೆ, ಎರಡು ಪ್ರಾಣಿಗಳ ಮಿತಿಯೊಡನೆ. ಯಾವ ಪ್ರಾಣಿ ಎಂದು ಆಡುವವರೇ ಮೊದಲೇ ಹೇಳಬೇಕು, ಅದರ ಅಂಕಿಗಳ ಚೀಟಿ ಅವರ ಕೈಯಲ್ಲೇ ಇರಬೇಕು, ಪೆಟ್ಟಿನ ಲೆಕ್ಕಕ್ಕೆ ದಾಳ ಉರುಳಿಸದೆ ಪುಸ್ತಕದಲ್ಲಿ ಅಚ್ಚಾಗಿರುವ ಸರಾಸರಿಯನ್ನೇ ತೆಗೆದುಕೊಳ್ಳಬೇಕು. ಕಳೆದ ಬಾರಿ ಒಬ್ಬ ಹುಡುಗ ಎರಡು ಡೈರ್ ತೋಳಗಳನ್ನು, ಅಂದರೆ ದೈತ್ಯ ತೋಳಗಳನ್ನು, ಕರೆದ. ಒಂದು ಬಿಲ್ಲುಗಾರನನ್ನು ಕೆಡವಿತು. ಇನ್ನೊಂದಕ್ಕೆ ಅವನು ಕಚ್ಚು ಎನ್ನಲಿಲ್ಲ. ಪ್ರಜ್ಞೆ ತಪ್ಪಿ ಬಿದ್ದಿದ್ದ ಜೊತೆಗಾರ್ತಿಯನ್ನು ಕವಚದ ಪಟ್ಟಿ ಹಿಡಿದು ಬಂಡೆಯ ಮರೆಗೆ ಎಳೆದು ತಾ ಎಂದ. ತೋಳ ಎಳೆದು ತಂದಿತು.