ಮಸ್ಟಾಂಗ್ ಕಾರಿಗೆ ಜೀಪ್ ಹುಡ್ ಹೊಲಿಯುವವರ ಕೈಯಿಂದ ಕವರ್

ಚಿಕ್ಕಮಗಳೂರು ಹತ್ತಿರದ ನಮ್ಮ ಆಲ್ದೂರು ಕಡೆಯ ಮಳೆಗೆ ಕಾರ್ ಕವರ್ ಹುಡುಕುವವರು ಅಂಗಡಿಯಲ್ಲಿ ಮೊದಲು ಕೇಳುವುದು ‘ಇದು ವಾಟರ್‌ಪ್ರೂಫಾ?’ ಅಂತ. ಹೌದು ಅಂದರೆ ದುಡ್ಡು ಕೊಟ್ಟು ತರುತ್ತಾರೆ. ಒಳಗಿನ ತೇವ ಹೊರಗೆ ಹೋಗುತ್ತದಾ ಅಂತ ಕೇಳುವವರು ಕಡಿಮೆ. ದಿನಾ ಓಡುವ ಕಾರಿಗೆ ಅದು ಅಷ್ಟು ಮುಖ್ಯ ಅಲ್ಲ. ವಾರಗಟ್ಟಲೆ ನಿಂತೇ ಇರುವ ಸ್ಪೋರ್ಟ್ಸ್ ಕಾರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ.

ಕಾರು ನನ್ನ ತಮ್ಮನದು. ಫೋರ್ಡ್ ಮಸ್ಟಾಂಗ್ ಜಿಟಿ, ಕೆಂಪು ಬಣ್ಣ, 5 ಲೀಟರ್ ವಿ8 ಎಂಜಿನ್. ನಮ್ಮ ದೇಶದಲ್ಲಿ ಈ ಕಾರಿನ ಮಾರಾಟ ಶುರುವಾಗಿದ್ದು 2016ರಲ್ಲಿ. 2021ರಲ್ಲಿ ಫೋರ್ಡ್ ಇಲ್ಲಿ ಕಾರು ತಯಾರಿಸುವುದನ್ನೇ ನಿಲ್ಲಿಸುವ ನಿರ್ಧಾರ ಮಾಡಿತು. ಹಾಗಾಗಿ ಒಂದು ಲೈಟೋ ಬಂಪರೋ ಹಾಳಾದರೆ ಸುಲಭಕ್ಕೆ ಸಿಗುವುದಿಲ್ಲ. ತಮ್ಮ ಕೆಲಸಕ್ಕೆ ಅಂತ ದುಬೈಗೆ ಹೋದ. ಕಾರು ನಮ್ಮ ತೋಟದ ಮನೆಯ ಶೀಟ್ ಶೆಡ್‌ನಲ್ಲಿ ನಿಂತಿತು. ತೋಟದ ಜೊತೆಗೆ ಅದನ್ನು ನೋಡಿಕೊಳ್ಳುವ ಕೆಲಸವೂ ನನ್ನದಾಯಿತು. ‘ಅಕ್ಕಾ, ಓಡಿಸದಿದ್ದರೂ ಪರವಾಗಿಲ್ಲ, ಪೇಂಟ್ ಒಂದು ಜೋಪಾನ’ ಅಂತ ಪ್ರತಿ ಫೋನಿನಲ್ಲೂ ಹೇಳುತ್ತಾನೆ. ನಮ್ಮ ಊರಿಗೆ ಕಾರಿನ ಹುಚ್ಚು ಹೊಸದೇನಲ್ಲ. ಏಷ್ಯಾ ಪೆಸಿಫಿಕ್ ರ್ಯಾಲಿ ಚಾಂಪಿಯನ್‌ಶಿಪ್‌ನ ಕಾರುಗಳೂ ಚಿಕ್ಕಮಗಳೂರಿನ ಕಾಫಿ ತೋಟದ ರಸ್ತೆಗಳಲ್ಲಿ ಓಡಿವೆ. ತಮ್ಮ ಚಿಕ್ಕಂದಿನಿಂದ ಆ ಸದ್ದು ಕೇಳಿಕೊಂಡೇ ಬೆಳೆದವನು.

ಕಾರಿನ ಜೊತೆ ಒಂದು ರೆಡಿಮೇಡ್ ಕವರ್ ಬಂದಿತ್ತು. ಹೊರಗೆ ಬೆಳ್ಳಿ ಬಣ್ಣ, ಒಳಗೆ ಪ್ಲಾಸ್ಟಿಕ್ ಲೇಪ. ಒಂದು ಹನಿ ನೀರು ಒಳಗೆ ಇಳಿಯುವುದಿಲ್ಲ, ಆ ಮಾತು ನಿಜ. ಜೂನ್ ಕಳೆದು ಜುಲೈ ಬಂತು. ಒಂದು ಬೆಳಿಗ್ಗೆ ಕವರ್ ಎತ್ತಿದರೆ ಬಾನೆಟ್ ಮೇಲೆ ನೀರಿನ ಹನಿಗಳು ಸಾಲಾಗಿ ನಿಂತಿದ್ದವು. ಬಾಗಿಲಿನ ರಬ್ಬರಿಗೆ ಬಿಳಿ ಬೂಸ್ಟು ಹಿಡಿದಿತ್ತು. ಶೀಟಿನಿಂದ ನೀರು ಸೋರಿರಲಿಲ್ಲ. ನೆಲದ ತೇವ ಮೇಲೆ ಎದ್ದು, ಕವರ್ ಒಳಗೆ ಸಿಕ್ಕಿಕೊಂಡು, ರಾತ್ರಿಯ ಚಳಿಗೆ ತಣ್ಣಗಿನ ಲೋಹದ ಮೇಲೆ ನೀರಾಗಿ ಕೂತಿತ್ತು.

ಕಾಫಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಣದಲ್ಲಿ ಅರ್ಧ ಒಣಗಿದ ಪಾರ್ಚ್‌ಮೆಂಟನ್ನು, ಅಂದರೆ ಹಣ್ಣಿನ ಸಿಪ್ಪೆ ತೆಗೆದ ಕಾಫಿ ಬೀಜವನ್ನು, ರಾತ್ರಿ ಟಾರ್ಪಾಲಿನಿಂದ ಬಿಗಿಯಾಗಿ ಮುಚ್ಚಿ, ಬೆಳಿಗ್ಗೆ ಬೇಗ ತೆಗೆಯದಿದ್ದರೆ ಬೆವತು ಬೂಸ್ಟು ಹಿಡಿಯುತ್ತದೆ. ಕಾರಿನ ಕಥೆಯೂ ಹಾಗೇ. ಹೀಗೇ ಜಾಸ್ತಿ ಕಾಲ ಬಿಟ್ಟರೆ ಪೇಂಟಿನ ಅಡಿಗೆ ತೇವ ಇಳಿದು ಗುಳ್ಳೆ ಏಳುತ್ತದೆ. ಬ್ರೇಕ್ ಡಿಸ್ಕಿಗೆ ತುಕ್ಕು, ಒಳಗಿನ ಲೆದರ್ ಸೀಟಿಗೆ ವಾಸನೆ ಎಲ್ಲ ಆಮೇಲೆ ಬರುತ್ತವೆ.

ಹೊಸ ಕವರ್ ಹುಡುಕಲು ಶುರು ಮಾಡಿದಾಗ ಮೊದಲು ಎದುರಾಗಿದ್ದು ಅಳತೆ. ನಮ್ಮಲ್ಲಿ ಕವರ್ ಮಾರುವುದು ಸ್ವಿಫ್ಟ್, ಸಿಟಿ, ಫಾರ್ಚುನರ್ ಅಂತ ಹೆಸರು ಹಿಡಿದು. ಮಸ್ಟಾಂಗ್ ಸುಮಾರು 4.78 ಮೀಟರ್ ಉದ್ದ, ಎತ್ತರ ಮಾತ್ರ 1.4 ಮೀಟರಿಗಿಂತ ಕಡಿಮೆ. ಫಾರ್ಚುನರ್ ಕೂಡ ಹೆಚ್ಚುಕಡಿಮೆ ಇಷ್ಟೇ ಉದ್ದ, ಆದರೆ ಅದರ ಎತ್ತರ 1.8 ಮೀಟರ್ ದಾಟುತ್ತದೆ. ಆ ಕವರ್ ಇದಕ್ಕೆ ಹಾಕಿದರೆ ಅರ್ಧ ಮೀಟರ್ ಬಟ್ಟೆ ನೆಲಕ್ಕೆ ಬೀಳುತ್ತದೆ. ಸೆಡಾನ್ ಕವರ್ ಉದ್ದ ಸಾಲುವುದಿಲ್ಲ, ಮೂತಿ ಹೊರಗೇ ಉಳಿಯುತ್ತದೆ.

ಸಡಿಲ ಕವರ್ ನೋಡಲು ಚೆನ್ನಾಗಿರುವುದಿಲ್ಲ ಅನ್ನುವುದಷ್ಟೇ ಆಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಗಾಳಿಗೆ ಅದು ಪಟಪಟ ಬಡಿಯುತ್ತದೆ. ಬಟ್ಟೆ ಮತ್ತು ಪೇಂಟಿನ ನಡುವೆ ಇರುವ ಕೆಮ್ಮಣ್ಣಿನ ಧೂಳು ಉಜ್ಜುತ್ತಾ ಹೋಗುತ್ತದೆ. ಬಣ್ಣದ ಮೇಲಿನ ಪಾರದರ್ಶಕ ಪದರ, ಕ್ಲಿಯರ್ ಕೋಟ್, ಇರುವುದೇ ಸುಮಾರು 50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ 20ರಲ್ಲಿ ಒಂದು ಭಾಗ. ಗೀರು ಬಿದ್ದಾಗಲೆಲ್ಲ ಪಾಲಿಶ್ ಮಾಡಿಸುತ್ತಾ ಹೋದರೆ ಅದೂ ಸವೆಯುತ್ತದೆ. ಕೆಂಪು, ಕಪ್ಪು ಕಾರುಗಳಲ್ಲಿ ಬಿಸಿಲಿಗೆ ಆ ಗೀರುಗಳು ಜೇಡರ ಬಲೆಯ ಹಾಗೆ ಕಾಣುತ್ತವೆ.

ಬಟ್ಟೆ ಆರಿಸಲು ನಾನು ಮನೆಯಲ್ಲೇ ಒಂದು ಪರೀಕ್ಷೆ ಮಾಡಿದೆ. ಲೋಟದಲ್ಲಿ ಕುದಿಯುವ ನೀರು ಹಾಕಿ, ಮೇಲೆ ಬಟ್ಟೆಯ ತುಂಡು ಬಿಗಿದು, ಅದರ ಮೇಲೆ ಒಂದು ಗಾಜಿನ ಲೋಟ ಕವುಚಿ ಇಡುವುದು. ಮೇಲಿನ ಗಾಜು ಮಂಜಾದರೆ ಬಟ್ಟೆ ಹಬೆ ಬಿಡುತ್ತಿದೆ ಅಂತ ಅರ್ಥ. ಪ್ಲಾಸ್ಟಿಕ್ ಲೇಪದ ಬಟ್ಟೆಯಲ್ಲಿ ಗಾಜು ತಿಳಿಯಾಗೇ ಇತ್ತು. ಅಗ್ಗದ ತೆಳು ಪಾಲಿಯೆಸ್ಟರ್ ಹಬೆ ಬಿಟ್ಟಿತು, ಆದರೆ ಮೇಲಿನಿಂದ ನೀರು ಹನಿಸಿದರೆ ಕೂಡಲೇ ಒದ್ದೆ. ನೇಯದೆ ಎಳೆಗಳನ್ನು ಒತ್ತಿ ಮಾಡುವ, ಪದರ ಪದರವಾಗಿ ಇರುವ ನಾನ್‌ವೋವನ್ ಬಟ್ಟೆ ಎರಡರಲ್ಲೂ ಪಾಸಾಯಿತು. ಆದರೆ ಉಗುರಿನಿಂದ ಕೆರೆದರೆ ಎಳೆ ಎದ್ದು ಬಂತು. ನಮ್ಮ ಶೆಡ್ ಮೇಲೆ ಮಂಗಗಳ ಓಡಾಟ ಜಾಸ್ತಿ, ಅದು ಬಾಳುವುದಿಲ್ಲ ಅನ್ನಿಸಿತು. ಕೊನೆಗೆ ನಿಂತಿದ್ದು ಅಕ್ರಿಲಿಕ್ ಬಟ್ಟೆಗೆ. ಎಳೆಯಲ್ಲೇ ಬಣ್ಣ ಸೇರಿಸಿ ನೇಯುವ ಬಟ್ಟೆ ಇದು. ಅಂಗಡಿ ಮುಂದಿನ ಬಿಸಿಲು ಮರೆಗೆ, ದೋಣಿಗಳ ಹೊದಿಕೆಗೆ ಬಳಸುತ್ತಾರೆ. ಬಿಸಿಲಿಗೆ ಬೇಗ ಬಣ್ಣ ಬಿಡುವುದಿಲ್ಲ. ನೀರು ಮೇಲೆ ಉರುಳಿ ಹೋಗುತ್ತದೆ, ಹಬೆ ಹೊರಗೆ ಹೋಗುತ್ತದೆ. ಜಡಿಮಳೆಯಲ್ಲಿ ದಿನವಿಡೀ ನಿಂತರೆ ಕೊನೆಗೆ ತೊಟ್ಟಿಕ್ಕುತ್ತದೆ. ನಮಗೆ ತಲೆ ಮೇಲೆ ಶೀಟು ಇದೆ, ಪಕ್ಕದಿಂದ ಬರುವ ಎರಚಲು ತಡೆದರೆ ಸಾಕು. ಬೆಂಗಳೂರಿನಿಂದ ಥಾನು ತರಿಸಿದೆ.

ಹೊಲಿಸಿದ್ದು ಚಿಕ್ಕಮಗಳೂರಿನಲ್ಲಿ, ಜೀಪಿಗೆ ಹುಡ್, ಅಂದರೆ ಬಟ್ಟೆಯ ಮೇಲ್ಹೊದಿಕೆ ಹೊಲಿಯುವವರ ಹತ್ತಿರ. ಬೇಲೂರು ರಸ್ತೆಯ ಕಡೆ ಒಂದು ಸಣ್ಣ ಅಂಗಡಿ. ತೋಟದ ಜೀಪುಗಳು, ಝರಿ ಫಾಲ್ಸ್‌ಗೆ ಪ್ರವಾಸಿಗರನ್ನು ಹತ್ತಿಸುವ ಜೀಪುಗಳು ಎಲ್ಲ ಹುಡ್ ಹರಿದರೆ ಅಲ್ಲಿಗೇ ಬರುತ್ತವೆ. ಅಷ್ಟು ಮಳೆಯಲ್ಲಿ, ಅಷ್ಟು ಕುಲುಕಾಟದಲ್ಲಿ ನಿಲ್ಲುವ ಹೊಲಿಗೆ ಹಾಕುವವರು ನಿಂತ ಕಾರಿಗೆ ಹೊಲಿಯಲಾರರೇ ಅಂತ ನನ್ನ ಲೆಕ್ಕ. ಅಂಗಡಿಯ ಹಿರಿಯರು ಮೊದಲು ಕಾರನ್ನೊಮ್ಮೆ ಸುತ್ತು ಹಾಕಿ, ‘ಹುಡ್ ಸೋರೋದು ಬಟ್ಟೆಯಿಂದ ಅಲ್ಲಮ್ಮ, ಹೊಲಿಗೆಯಿಂದ. ಸೂಜಿ ಹೋದಲ್ಲೆಲ್ಲ ತೂತು’ ಅಂದರು. ಆ ಮಾತಿಗೇ ನನಗೆ ಧೈರ್ಯ ಬಂತು.

ಅವರು ಮಾಡಿದ ಕೆಲಸ ನೋಡಿ. ರೂಫ್, ಬಾನೆಟ್ ಮೇಲೆ ನಡುವಿನಲ್ಲಿ ಒಂದೂ ಜೋಡಣೆ ಇಲ್ಲ. ಅಗಲದ ಥಾನನ್ನು ಉದ್ದಕ್ಕೆ ಹಾಸಿ, ಜೋಡಣೆಯನ್ನೆಲ್ಲ ಪಕ್ಕದ ಇಳಿಜಾರಿಗೆ ಇಳಿಸಿದ್ದಾರೆ. ಅಲ್ಲಿ ಬಟ್ಟೆಯನ್ನು ಮಡಚಿ ಎರಡು ಸಾಲು ಹೊಲಿಗೆ. ನೂಲು ಪಾಲಿಯೆಸ್ಟರ್, ಯಾಕೆಂದರೆ ಹತ್ತಿ ನೂಲು ನಮ್ಮ ತೇವಕ್ಕೆ ಬೇಗ ಲಡ್ಡಾಗುತ್ತದೆ. ಕನ್ನಡಿಗಳಿಗೆ ಕಿವಿಯ ಹಾಗೆ ಎರಡು ಜೇಬು ಕೂರಿಸಿದ್ದಾರೆ. ಅದಿಲ್ಲದೆ ಕವರ್ ಬಿಗಿಯಾಗಿ ಕೂರುವುದೇ ಇಲ್ಲ. ಹಿಂದೆ ಡಿಕ್ಕಿ ಮೇಲೆ ರೆಕ್ಕೆಯ ಹಾಗೆ ಎದ್ದ ದೊಡ್ಡ ಸ್ಪಾಯ್ಲರ್ ಇರುವ ಕಾರಿಗೆ ಅದಕ್ಕೂ ಬೇರೆ ಜೇಬು ಬೇಕು, ಇಲ್ಲವಾದರೆ ಅದರ ಮುಂದೆ ಗುಂಡಿಯಾಗಿ ನೀರು ನಿಲ್ಲುತ್ತದೆ ಅಂದರು. ಮುಂದೆ ಹಿಂದೆ ಎಲಾಸ್ಟಿಕ್, ಹೊಟ್ಟೆಯ ಕೆಳಗೆ ಎರಡು ಪಟ್ಟಿ. ಬಕಲ್ ಪ್ಲಾಸ್ಟಿಕ್ಕಿನದು. ಕಬ್ಬಿಣದ ಕೊಕ್ಕೆ ಹಾಕಿದರೆ ಕವರ್ ಎಳೆಯುವಾಗ ಬಾಗಿಲಿಗೆ ತಾಗುತ್ತದೆ.

ಒಳ ಅಸ್ತರಿಗೆ ಅವರು ಹತ್ತಿ ಫ್ಲಾನೆಲ್ ಹಾಕೋಣ ಅಂದರು. ಮೃದು ಅನ್ನುವುದು ಸರಿ. ಆದರೆ ಮಳೆಗಾಲದಲ್ಲಿ ನಮ್ಮ ಮನೆಯ ಹತ್ತಿ ಟವೆಲ್ಲೇ ವಾರವಾದರೂ ಒಣಗುವುದಿಲ್ಲ. ನಾನು ತೆಳು ಪಾಲಿಯೆಸ್ಟರ್ ಫ್ಲೀಸ್ ಕೇಳಿದೆ. ರೂಫ್, ಬಾನೆಟ್, ಡಿಕ್ಕಿ ಮೇಲೆ ಮಾತ್ರ ಅದು, ಪಕ್ಕಕ್ಕೆ ಇಲ್ಲ. ಮುಟ್ಟಿ ನೋಡಿ ಒಪ್ಪಿಕೊಂಡರು. ಮುಂದಿನ ಗ್ರಿಲ್ ಹತ್ತಿರ ಮುಚ್ಚಳ ಇರುವ ಒಂದು ಕಿಂಡಿಯನ್ನೂ ಬಿಡಿಸಿದೆ. ನಿಂತ ಕಾರಿನ ಬ್ಯಾಟರಿ ಇಳಿಯದ ಹಾಗೆ ಚಾರ್ಜರ್ ವೈರ್ ಅಲ್ಲಿಂದ ಹೋಗುತ್ತದೆ.

ಕೊರತೆ ಇಲ್ಲ ಅಂತ ಹೇಳುವುದಿಲ್ಲ. ಹೇಳಿದ ದಿನಕ್ಕೆ ಕವರ್ ಸಿಗಲಿಲ್ಲ, ಜೀಪುಗಳ ಕೆಲಸ ಮೊದಲು ಅಂದರು. ನಂಬರ್ ಪ್ಲೇಟಿನ ಮೂಲೆ ಬಟ್ಟೆಗೆ ಉಜ್ಜಿ ಅಲ್ಲಿ ಸವೆಯಲು ಶುರುವಾಯಿತು. ತೆಗೆದುಕೊಂಡು ಹೋದಾಗ ಒಳಗಿನಿಂದ ರೆಕ್ಸಿನ್ ತೇಪೆ ಹಾಕಿಕೊಟ್ಟರು, ದುಡ್ಡು ಕೇಳಲಿಲ್ಲ. ಇಡೀ ಕವರ್ ತೂಕ ಜಾಸ್ತಿ. ಒಬ್ಬರೇ ಹಾಕುವುದು ಕಷ್ಟ. ಕೆಳಗಿನ ಪಟ್ಟಿಯನ್ನು ಆಚೆಯಿಂದ ಈಚೆಗೆ ತರಲು ನಾನು ಕೊಡೆಯ ಹಿಡಿಯ ಕೊಕ್ಕೆ ಬಳಸುತ್ತೇನೆ, ಕಾರು ಅಷ್ಟು ತಗ್ಗು. ಬಣ್ಣ ತಿಳಿ ಬೂದು ಆರಿಸಿದ್ದರಿಂದ ಪಾಚಿ ಕಲೆ ಬೇಗ ಕಾಣುತ್ತದೆ. ಅದು ನನಗೆ ಒಳ್ಳೆಯದೇ, ಕಂಡ ಕೂಡಲೇ ತೊಳೆಯುತ್ತೇನೆ.

ಒಂದು ಪೂರ್ತಿ ಮಳೆಗಾಲ ಕಳೆದಿದೆ. ರಬ್ಬರಿನಲ್ಲಿ ಬೂಸ್ಟು ಇಲ್ಲ, ಬಾನೆಟ್ ಒಣಗಿದೆ. ಶೆಡ್ ಪಕ್ಕದ ಸಿಲ್ವರ್ ಓಕ್ ಮರದಲ್ಲಿ ಕೂರುವ ಹಕ್ಕಿಗಳ ಹಿಕ್ಕೆ ಈಗ ಬಟ್ಟೆಯ ಮೇಲೆ ಬೀಳುತ್ತದೆ. ಹಿಕ್ಕೆಯಲ್ಲಿ ಆಮ್ಲ ಇರುತ್ತದೆ. ಬಿಸಿಲಿಗೆ ಪೇಂಟಿನ ಮೇಲೆ ಒಣಗಿದರೆ ಕಲೆ ಕೊರೆದುಬಿಡುತ್ತದೆ.

ಯಾವ ಕವರ್ ತಂದರೂ ಹಾಕುವ ರೀತಿ ಸರಿ ಇರಬೇಕು. ಧೂಳು ಇರುವ ಕಾರಿನ ಮೇಲೆ, ಒದ್ದೆ ಕಾರಿನ ಮೇಲೆ ಎಳೆಯಬೇಡಿ. ಓಡಿಸಿ ತಂದ ಕೂಡಲೇ ಹಾಕಬೇಡಿ, ಸೈಲೆನ್ಸರ್ ತುದಿ ಬಿಸಿ ಇರುವಾಗ ಸಿಂಥೆಟಿಕ್ ಬಟ್ಟೆ ಕರಗಿ ಅಂಟುತ್ತದೆ. ತೆಗೆಯುವಾಗ ಎರಡೂ ಪಕ್ಕವನ್ನು ರೂಫ್ ಮೇಲೆ ಮಡಚಿ, ಹಿಂದಿನಿಂದ ಮುಂದಕ್ಕೆ ಸುತ್ತಿ. ಆಗ ಒಳಮೈಗೆ ಮಣ್ಣು ತಾಗುವುದಿಲ್ಲ. ಮಳೆಗಾಲದಲ್ಲಿ ಬಿಸಿಲು ಕಂಡ ದಿನ ಕವರ್ ತೆಗೆದು, ಗ್ಲಾಸು ಇಳಿಸಿ, ಕಾರಿಗೆ ಗಾಳಿ ಆಡಲು ಬಿಡಿ.

ಬಟ್ಟೆ, ಅಸ್ತರು, ಹೊಲಿಗೆ ಕೂಲಿ ಎಲ್ಲ ಸೇರಿ ನನಗೆ 14,000 ರೂಪಾಯಿ ಹತ್ತಿರ ಬಿತ್ತು. ರೆಡಿಮೇಡ್ ಕವರಿಗೆ ಹೋಲಿಸಿದರೆ ದುಬಾರಿ. ಮಳೆಗೇ ತೆರೆದು ನಿಲ್ಲಿಸುವ ಕಾರಿಗೆ ನಾನು ಇದನ್ನು ಹೇಳುವುದಿಲ್ಲ, ಹಾಗೆ ನಿಲ್ಲಿಸುವವರು ಆ ದುಡ್ಡನ್ನು ಮೊದಲು ಒಂದು ಶೀಟ್ ಮಾಡಿಗೆ ಹಾಕಲಿ. ಶೆಡ್ ಇರುವವರು ಹೊಲಿಸುವುದಾದರೆ ಫೆಬ್ರವರಿ, ಮಾರ್ಚ್‌ನಲ್ಲೇ ಹೋಗಿ. ಮೇ ಬಂದರೆ ಊರಿನ ಜೀಪುಗಳೆಲ್ಲ ಹುಡ್ ರಿಪೇರಿಗೆ ಅಲ್ಲಿ ಸಾಲು ನಿಲ್ಲುತ್ತವೆ. ಅಳತೆ ಬರೆದುಕೊಂಡು ಹೋದರೆ ಸಾಲದು, ಕಾರನ್ನೇ ತೆಗೆದುಕೊಂಡು ಹೋಗಬೇಕು.